ಕಾಯಲು ಹೇಳುತ್ತಿದ್ದ ಮೂರು ಸಾಲು

ತಪ್ಪು ಮಾಡಿದವರು ದೂರದೇಶದ ಒಂದು ಕಂಪನಿಯ ಮೂವರು ಎಂಜಿನಿಯರುಗಳು. ಅದರ ಫಲ ಅನುಭವಿಸಿದವಳು ಮೊಳಕಾಲ್ಮುರಿನ ಒಬ್ಬ ನೇಕಾರ ಹೆಂಗಸು. ಅವಳ ಕೆಲಸ ಹೋಯಿತು. ಅವರಲ್ಲಿ ಒಬ್ಬರ ಕಾಫಿಯೂ ತಣ್ಣಗಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವುದರಲ್ಲಿ ಯಂತ್ರದ ಮಾತು ಸ್ವಲ್ಪ ಹೆಚ್ಚು, ಮತ್ತು ಯಂತ್ರದ ಮಾತು ಹೆಚ್ಚಾದಲ್ಲೆಲ್ಲ ನೋವು ಯಾರದೆಂಬುದು ಮರೆತುಹೋಗುವುದನ್ನು ನಾನು ಹಲವು ಸಲ ನೋಡಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಕಾಲ ಅದು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಸಣ್ಣ ಶಾಲೆಯೊಂದನ್ನು ನಾನು ನಡೆಸುತ್ತಿದ್ದೆ. ಕಿಟಕಿ ತೆರೆದರೆ ಶೇಂಗಾ ಹಿಂಡಿಯ ವಾಸನೆ, ಮುಚ್ಚಿದರೆ ಸೆಕೆ. ನಾನು ಓದಿದ ಶಾಲೆಯಲ್ಲಿ ಬೆತ್ತ ಇರಲಿಲ್ಲ, ರ್‍ಯಾಂಕೂ ಇರಲಿಲ್ಲ. ಅನ್ಯಾಯವನ್ನು ಕಂಡಾಗ ಸುತ್ತಿ ಬಳಸಿ ಹೇಳದೆ ಅದು ಅನ್ಯಾಯವೆಂದೇ ಹೇಳಬೇಕು ಎಂದು ಅಲ್ಲಿನ ಗುರುಗಳು ಕಲಿಸಿದ್ದರು. ಆ ಪಾಠದಿಂದ ನನಗೆ ಗೆಳೆಯರು ಕಡಿಮೆಯಾದರು. ಆದರೂ ಅದನ್ನು ಬಿಟ್ಟಿಲ್ಲ.

ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ, ಒಳಗನ್ನು ತೆರೆದು ನೋಡಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಮ್ ಒಂದಿದೆ. ಲೋಕದ ನಾನಾ ಮೂಲೆಗಳ ಜನ ಅದಕ್ಕೆ ಬದಲಾವಣೆಗಳನ್ನು ಬರೆದು ಕಳಿಸುತ್ತಾರೆ. ಇತರರು ಅವನ್ನು ಸಾಲುಸಾಲಾಗಿ ಓದಿ ಒಪ್ಪುತ್ತಾರೆ ಅಥವಾ ಹಿಂದಿರುಗಿಸುತ್ತಾರೆ. ಶಾಲೆಯ ಕೆಲಸ ಮುಗಿದ ಮೇಲೆ, ಫೋನ್ ತಂತಿ ಎಳೆದುತಂದ ನಿಧಾನದ ಇಂಟರ್‌ನೆಟ್ಟಿನಲ್ಲಿ, ನಾನು ಹಾಗೆ ಓದುವವರಲ್ಲಿ ಒಬ್ಬಳಾಗಿದ್ದೆ. ನನ್ನ ಪಾಲಿಗೆ ಬಂದದ್ದು ಗ್ರಾಫಿಕ್ಸ್ ಡ್ರೈವರ್‌ಗಳು, ಎಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಚಿಪ್ಪಿಗೆ ಅಪ್ಪಣೆ ಮುಟ್ಟಿಸುವ ಕೋಡು. ಅದರಲ್ಲೂ ನಾನು ಹೆಚ್ಚು ನೋಡುತ್ತಿದ್ದದ್ದು ಕಾಯುವಿಕೆಯ ಭಾಗವನ್ನು. ಕಂಪ್ಯೂಟರಿನೊಳಗೆ ಇಬ್ಬರು ಕೆಲಸಗಾರರಿದ್ದಾರೆ ಎಂದುಕೊಳ್ಳಿ. ಪ್ರೊಸೆಸರ್ 'ಈ ಚಿತ್ರ ಬರೆ' ಎನ್ನುತ್ತದೆ. ಗ್ರಾಫಿಕ್ಸ್ ಚಿಪ್ಪು ತನ್ನ ವೇಗದಲ್ಲಿ ಬರೆಯುತ್ತದೆ. ಬರೆದು ಮುಗಿಯುವ ಮೊದಲೇ ಪ್ರೊಸೆಸರ್ ಆ ಚಿತ್ರವನ್ನು ಹಿಂದಕ್ಕೆ ಓದಿಕೊಂಡರೆ ಅರ್ಧ ಹೊಸ ಚಿತ್ರ, ಅರ್ಧ ಹಳೆಯದು ಕೈಗೆ ಬರುತ್ತದೆ. ಆದ್ದರಿಂದ ಡ್ರೈವರಿನಲ್ಲಿ ಕಾಯುವ ಸಾಲುಗಳಿರುತ್ತವೆ. ಅವು ಇರಬೇಕಾದ ಕಡೆ ಇವೆಯೇ ಎಂದು ನೋಡುವುದು ನನ್ನ ಕೆಲಸ. ಸಂಬಳವಿಲ್ಲದ ಈ ಕೆಲಸವನ್ನು ನಾನು ಪೌರಕರ್ತವ್ಯ ಎಂದು ತಿಳಿದಿದ್ದೆ.

ಮೊದಲೇ ಹೇಳಿದ ಆ ನೇಕಾರ ಹೆಂಗಸು ನಮ್ಮ ಶಾಲೆಗೆ ಮೊದಲ ವರ್ಷವೇ ಬಂದವಳು. ಮೊಳಕಾಲ್ಮುರಿನಿಂದ ಬಸ್ಸು ಹತ್ತಿ, ಬಿ.ಜಿ. ಕೆರೆಯಲ್ಲಿ ಡ್ರೈವರು ಚಹಾ ಕುಡಿದು ಮುಗಿಸುವವರೆಗೆ ಕಾದು, ತರಗತಿಗೆ ತಡವಾಗಿ ಬರುತ್ತಿದ್ದಳು. ಮನೆಮಾತು ತೆಲುಗು, ಬೀದಿಯ ಮಾತು ಕನ್ನಡ, ಸಿಟ್ಟು ಬಂದರೆ ಎರಡೂ. ತಂದೆ ತೀರಿಕೊಂಡ ಮೇಲೆ ತಾಯಿಯೂ ಇವಳೂ ಒಂದೇ ಗುಂಡಿಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ಅಲ್ಲಿನ ಸೀರೆಯ ಅಂಚಿಗೆ ಒಂದು ಬಣ್ಣ, ಒಡಲಿಗೆ ಇನ್ನೊಂದು. ಅದಕ್ಕೆ ಮೂರು ಲಾಳಿ ಬೇಕು: ತಾಯಿ ನಡುವೆ ಕೂತು ಎರಡನ್ನು ಎಸೆಯುತ್ತಾಳೆ, ಬಲಗಡೆ ಕೂತ ಮಗಳು ಮೂರನೆಯದನ್ನು. ಎರಡು ಬಣ್ಣದ ಎಳೆಗಳು ಕೊಕ್ಕೆ ಹಾಕಿಕೊಳ್ಳುವ ಜಾಗದಲ್ಲಿ ಒಬ್ಬರು ಅವಸರ ಮಾಡಿದರೂ ಅಂಚು ಒಡಲನ್ನು ಬಿಟ್ಟುಕೊಳ್ಳುತ್ತದೆ. ಅದಕ್ಕೆಂದೇ ಅವರ ಮನೆಯಲ್ಲಿ ಒಂದು ಕರೆ ಇತ್ತು. ತನ್ನ ಲಾಳಿ ದಾಟಿದ ಮೇಲೆ ತಾಯಿ "ರಾ" ಎನ್ನುತ್ತಿದ್ದಳು, ಬಾ ಎಂದು. ಮಗಳು ತನ್ನ ಲಾಳಿ ಎಸೆದು "ಪೋ" ಎನ್ನುತ್ತಿದ್ದಳು, ಹೋಗು ಎಂದು. ಆ "ಪೋ" ಕೇಳಿಸದೆ ತಾಯಿಯ ಕಾಲು ತುಳಿಮಣೆಯನ್ನು ಒತ್ತುತ್ತಿರಲಿಲ್ಲ.

"ಕಂಪ್ಯೂಟರ್ ಕಲೀತೀನಿ ಅಂದಿದ್ದಕ್ಕೆ ನಮ್ಮಮ್ಮ ಮಾತೇ ಬಿಟ್ಟೈತೆ ಅಕ್ಕಾ," ಎಂದು ಅವಳು ಒಮ್ಮೆ ನಕ್ಕಳು. "ಬೆಳಗ್ಗಿಂದ ಸಂಜೆತನ್ಕ 'ರಾ' ಒಂದೇ. ನಾನೂ ಬಿಡ್ತೀನಾ? 'ಪೋ' ಅನ್ನೋದನ್ನೇ ಬೈದಂಗೆ ಅಂತೀನಿ."

ಊರಿನ ನೇಕಾರರ ಸಂಘವೊಂದು ವಿನ್ಯಾಸ ಕೇಂದ್ರ ತೆರೆದಾಗ ಅಲ್ಲಿ ಕಂಪ್ಯೂಟರ್ ಬಂತು. ಅಂಚಿನ ಗಿಣಿ, ನವಿಲು, ಮಾವಿನಕಾಯಿಗಳು ಮಗ್ಗದ ಮೇಲೆ ಕೂಡಿಸಿದ ಜಕಾರ್ಡ್ ಎಂಬ ಸಾಧನದಿಂದ ಮೂಡುತ್ತವೆ. ಚಿತ್ರದ ಒಂದೊಂದು ಸಾಲಿಗೂ ತೂತು ಕೊರೆದ ಒಂದೊಂದು ದಪ್ಪ ರಟ್ಟಿನ ಕಾರ್ಡು. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ. ಹಿಂದೆ ಆ ಕಾರ್ಡುಗಳನ್ನು ಗಂಡಸರು ಉಳಿಯಿಂದ ಕೊರೆಯುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಬರೆದರೆ ಪಕ್ಕದ ಯಂತ್ರವೇ ಕೊರೆಯುತ್ತದೆ. ಆ ಕೇಂದ್ರದ ವಿನ್ಯಾಸಕಿಯ ಕುರ್ಚಿಗೆ ಇವಳು ಆಯ್ಕೆಯಾದಳು. ಅಂಚಿನಲ್ಲಿ ಏನಿರಬೇಕೆಂದು ಆ ಊರಿನಲ್ಲಿ ಯಾವ ಹೆಂಗಸನ್ನೂ ಯಾರೂ ಕೇಳಿರಲಿಲ್ಲ. ಬಲಗಡೆ ಕೂತು ಕರೆದಾಗ ಲಾಳಿ ಎಸೆಯುವುದಷ್ಟೇ ಅವರ ಪಾಲು. ಇವಳು ಮೊದಲ ವಾರವೇ ಗಿಣಿಯ ಕತ್ತನ್ನು ಹಿಂದಕ್ಕೆ ತಿರುಗಿಸಿ ಬರೆದಳು, ಯಾರೋ ಕರೆದದ್ದಕ್ಕೆ ತಿರುಗಿ ನೋಡುತ್ತಿರುವಂತೆ. ಆ ಗಿಣಿಯನ್ನು ಮಗ್ಗಕ್ಕೆ ಏರಿಸಿದವರಲ್ಲಿ ಅವಳ ತಾಯಿಯೂ ಒಬ್ಬಳು. ತಾಯಿ ಮಾತಾಡಿದ್ದು ಅಂದೇ. ಬಲಗಡೆಯ ಜಾಗಕ್ಕೆ ನೆರೆಮನೆಯ ಸೊಸೆಯನ್ನು ಕೂಡಿಸಿಕೊಂಡಿದ್ದಳು.

ಕಾರ್ಡಿನ ವಿಷಯದಲ್ಲಿ ಅಲ್ಲೊಂದು ಕಟ್ಟಲೆ ಇತ್ತು. ನಡೆದದ್ದೆಲ್ಲ ಅದರ ಮೇಲೆ ನಿಂತಿದೆ. ತಪ್ಪು ತೂತು ಬಿದ್ದರೆ ಕಾರ್ಡನ್ನು ಎಸೆಯುವುದಿಲ್ಲ. ಹುಣಸೆಬೀಜದ ಅಂಟು ಹಚ್ಚಿ ಕಾಗದದ ತೇಪೆಯಿಂದ ತೂತು ಮುಚ್ಚುತ್ತಾರೆ. ಆ ತೇಪೆಯನ್ನು ತಪ್ಪು ಕೊರೆದವನೇ ತನ್ನ ಕೈಯಿಂದ ಹಚ್ಚಬೇಕು, ಇನ್ನೊಬ್ಬರು ಮುಟ್ಟಬಾರದು. ಹಳೆಯ ಕೊರೆಯುವವರು ಇದನ್ನು ಮಾನದ ಮಾತೆಂದು ಪಾಲಿಸುತ್ತಿದ್ದರು. ತೇಪೆ ಹಚ್ಚಿದ ಕೈಯೇ ತಪ್ಪಿದ ಕೈ ಎಂಬುದರಲ್ಲಿ ಊರಿಗೆ ಅನುಮಾನವೇ ಇರಲಿಲ್ಲ.

ಕೇಂದ್ರದ ಕಂಪ್ಯೂಟರಿನಲ್ಲಿದ್ದದ್ದೂ ನಾನು ಹೇಳಿದ ಆ ಉಚಿತ ಸಿಸ್ಟಮ್ಮೇ. ಅದನ್ನು ನೋಡಿಕೊಳ್ಳುತ್ತಿದ್ದ ಗುತ್ತಿಗೆದಾರ ಅದರ ಹೊಸ ಆವೃತ್ತಿ ಹಾಕಿ ಹೋದ ಕೆಲವೇ ದಿನಗಳಲ್ಲಿ ಹಿರಿಯ ನೇಕಾರರೊಬ್ಬರು ನೇಯ್ದ ತುಂಡನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ನಾನು ಅಂದು ಅವಳನ್ನು ನೋಡಲು ಹೋಗಿದ್ದೆ.

"ಏನಮ್ಮಾ ತಾಯಿ, ನಿನ್ ಗಿಣಿಗೆ ಕತ್ತು ಐತೋ, ಇಲ್ಲಾ ತಲೆ ಹಾರ್ಕಂಡು ಹೋಗಿ ಮುಂದ್ಲ ಗಿಣಿ ಮೇಲೆ ಕೂತೈತೋ?"

"ತಾತಾ, ಪರದೆ ಮೇಲೆ ನೋಡು. ಕತ್ತು ನೆಟ್ಟಗೈತೆ."

"ಪರದೆ ಉಟ್ಕಂಡು ಮದ್ವೆಗೆ ಹೋಗ್ತಾರೇನೆ? ಸೀರೆ ಮೇಲೆ ತೋರ್ಸು!"

ಎಲ್ಲರೂ ನಕ್ಕೆವು, ಅವಳೂ ನಕ್ಕಳು. ಆಮೇಲೆ ಕಾರ್ಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಹಲವು ಕಾರ್ಡುಗಳಲ್ಲಿ ಎಡಗಡೆ ಆ ಸಾಲಿನ ತೂತುಗಳಿದ್ದವು, ಬಲಗಡೆ ಅದರ ಹಿಂದಿನ ಸಾಲಿನವು. ಪರದೆಯ ಮೇಲೆ ಚಿತ್ರ ಸರಿಯಾಗಿಯೇ ಇತ್ತು. ಮತ್ತೆ ಕೊರೆಸಿದರೆ ತಪ್ಪು ಬೇರೆ ಕಾರ್ಡಿಗೆ ಹಾರುತ್ತಿತ್ತು. ಅವಳು ಅಂಟಿನ ಬಟ್ಟಲು ತೆಗೆದಳು.

"ಅಂಟಿಸಬೇಡ. ತಪ್ಪು ನಿನ್ನದು ಅಂತಾಗ್ತದೆ," ಎಂದೆ.

"ತಪ್ಪು ಯಾರ್ದಾದ್ರೂ ಆಗ್ಲಿ ಬಿಡಕ್ಕಾ. ತಾತನ ಮಗ್ಗ ನಿಲ್ಲಬಾರ್ದು."

ಹೊಸ ಕಾರ್ಡು ಬರುವವರೆಗೆ ಮಗ್ಗ ನಿಂತರೆ ನೇಕಾರನ ಮನೆಯ ಒಲೆಯೂ ನಿಲ್ಲುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಂದಿನಿಂದ ಪ್ರತಿ ಕಟ್ಟಿನ ಕಾರ್ಡುಗಳನ್ನೂ ತನ್ನ ಚಿತ್ರಕ್ಕೆ ಹೋಲಿಸಿ, ತಪ್ಪನ್ನು ಮುಚ್ಚಿ, ಸರಿಯಾದ ತೂತನ್ನು ಉಳಿಯಿಂದ ಕೊರೆದು ಕಳಿಸತೊಡಗಿದಳು. ಗಿಣಿಗಳ ಕತ್ತು ನೆಟ್ಟಗಾಯಿತು. ಕಾರ್ಡುಗಳ ಮೈತುಂಬ ಅವಳ ತೇಪೆಗಳು ಉಳಿದವು.

ನಾನು ಡ್ರೈವರಿನ ಕೋಡು ತೆರೆದೆ. ಕೊರೆಯುವ ಯಂತ್ರದ ಪ್ರೋಗ್ರಾಮನ್ನು ಬರೆದ ಗುತ್ತಿಗೆದಾರ ಸೋಮಾರಿತನದಿಂದ ಒಂದು ಅಡ್ಡದಾರಿ ಹಿಡಿದಿದ್ದ: ಚಿತ್ರದ ಪ್ರತಿ ಸಾಲನ್ನು ಪರದೆಗೆ ಬರೆಸಿ, ಪರದೆಯಿಂದಲೇ ಹಿಂದಕ್ಕೆ ಓದಿ, ಯಂತ್ರಕ್ಕೆ ಕಳಿಸುತ್ತಿದ್ದ. ಇದು ಮೊದಲ ತಪ್ಪು. ಆದರೂ ಹಳೆಯ ಆವೃತ್ತಿಯಲ್ಲಿ ಏನೂ ಕೆಡುತ್ತಿರಲಿಲ್ಲ, ಏಕೆಂದರೆ ಓದುವ ಮೊದಲು ಚಿಪ್ಪು ಕೆಲಸ ಮುಗಿಸುವವರೆಗೆ ಕಾಯುವಂತೆ ಹೇಳುವ ಮೂರು ಸಾಲು ಅಲ್ಲಿದ್ದವು. ಹೊಸ ಆವೃತ್ತಿಯಲ್ಲಿ ಅವು ಇರಲಿಲ್ಲ. ಚಿಪ್ಪು ತಯಾರಿಸುವ ಕಂಪನಿಯ ಎಂಜಿನಿಯರೊಬ್ಬರು 'ಅನವಶ್ಯಕ ಕಾಯುವಿಕೆ' ಎಂದು ಕಾರಣ ಬರೆದು ತೆಗೆದುಹಾಕಿದ್ದರು. ಅದು ನಮ್ಮಂಥ ಓದುಗರ ಮುಂದೆ ಬರಲೇ ಇಲ್ಲ. ಅದೇ ಕಂಪನಿಯ ಇಬ್ಬರು ಸಹೋದ್ಯೋಗಿಗಳು ತಮ್ಮೊಳಗೇ ಒಪ್ಪಿಗೆ ಹಾಕಿಕೊಂಡಿದ್ದರು. ಇದು ಎರಡನೆಯ ತಪ್ಪು, ಮತ್ತು ದೊಡ್ಡದು. ಯಾರಿಗೆ ಅನವಶ್ಯಕ ಎಂದು ಕೇಳುವವರು ಆ ಕೋಣೆಯಲ್ಲಿ ಇರಲಿಲ್ಲ.

ತೆಗೆದ ಸಾಲುಗಳನ್ನು ಅವಳಿಗೆ ತೋರಿಸಿ ವಿವರಿಸಿದೆ.

"ಅಂದ್ರೆ ಚಿಪ್ಪು 'ಪೋ' ಅನ್ನೋಕೆ ಮೊದ್ಲೇ ಇವನು ತುಳಿದವ್ನೆ."

"ಹೌದು."

"ನಮ್ಮನೇಲಿ ಹಂಗೆ ಮಾಡಿದ್ರೆ ನಮ್ಮಮ್ಮ ಲಾಳಿ ತಗಂಡು ತಲೆ ಮೇಲೆ ಕುಟ್ಟೋದು. ಇವ್ನಿಗೆ ಕುಟ್ಟೋರು ಯಾರೂ ಇಲ್ವಾ?"

"ನಾನು ಬರೀತೀನಿ," ಎಂದೆ. ಅಷ್ಟು ಸಾಕು ಎಂದು ನಾನು ನಂಬಿದ್ದೆ.

ಆ ಮೂರು ಸಾಲನ್ನು ಕೇಂದ್ರದ ಕಂಪ್ಯೂಟರಿನಲ್ಲಿ ನಾನೇ ಅಂದೇ ಮರಳಿ ಸೇರಿಸಬಹುದಿತ್ತು. ಸಂಘದ ಅಧ್ಯಕ್ಷರು ಬಿಡಲಿಲ್ಲ. ಅಧಿಕೃತ ಆವೃತ್ತಿಯ ಹೊರತು ಬೇರೆ ಏನನ್ನು ಹಾಕಿದರೂ ತಾನು ದುರಸ್ತಿಗೆ ಬರುವುದಿಲ್ಲ ಎಂದು ಗುತ್ತಿಗೆದಾರ ಕರಾರು ಮಾಡಿಸಿಕೊಂಡಿದ್ದ. ತೆರೆದು ತಿದ್ದುವ ಹಕ್ಕು ಕೊಡುವುದೇ ಆ ಸಿಸ್ಟಮ್ಮಿನ ಹೆಗ್ಗಳಿಕೆ. ಆ ಹಕ್ಕಿಗೆ ಮೊಳಕಾಲ್ಮುರಿನಲ್ಲಿ ಬೀಗ ಬಿದ್ದಿತ್ತು. ಇದು ಮೂರನೆಯ ತಪ್ಪು. "ಮೇಲಿಂದ ಸರಿಯಾಗಿ ಬರಲಿ ಮೇಡಮ್, ಹಾಕಿಸ್ತೀವಿ," ಎಂದರು ಅಧ್ಯಕ್ಷರು. ಮೇಲೆ ಎಂದರೆ ಎಲ್ಲಿ ಎಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಆ ಮೇಲಿನವರಿಗೆ ನಾನು ಬರೆದೆ. ಮೂರು ಸಾಲನ್ನು ಮರಳಿ ಸೇರಿಸುವ ಬದಲಾವಣೆಯನ್ನು ಕಳಿಸಿ, ದೋಷ ಕಂಡವಳ ಹೆಸರು, ಊರು, ಕಾರ್ಡುಗಳ ವಿವರ ಎಲ್ಲವನ್ನೂ ಸೇರಿಸಿದೆ. ಇಷ್ಟು ಕಾಲ ಇತರರ ಕೋಡನ್ನು ಓದುತ್ತಿದ್ದ ನಾನು ಈಗ ಓದಿಸಿಕೊಳ್ಳುವವಳ ಜಾಗದಲ್ಲಿ ನಿಂತಿದ್ದೆ. ಒಬ್ಬರು, ಈ ಹಳೆಯ ಚಿಪ್ಪನ್ನು ಇನ್ನೂ ಯಾರು ಬಳಸುತ್ತಾರೆ ಎಂದು ಕೇಳಿದರು. ಇನ್ನೊಬ್ಬರು, ಪರದೆಯಿಂದ ಓದುವ ಪ್ರೋಗ್ರಾಮೇ ಕೆಟ್ಟದ್ದು, ಅದನ್ನು ತಿದ್ದಿಕೊಳ್ಳಿ ಎಂದರು. ಆ ಮಾತಿನಲ್ಲಿ ನ್ಯಾಯವಿತ್ತು, ಆದರೆ ಆ ಪ್ರೋಗ್ರಾಮಿನ ಕೋಡನ್ನು ಗುತ್ತಿಗೆದಾರ ಯಾರಿಗೂ ಕೊಟ್ಟಿರಲಿಲ್ಲ. ಸಾಲುಗಳನ್ನು ತೆಗೆದಿದ್ದವರು, ಕಾಯುವುದರಿಂದ ಹೊಸ ಚಿಪ್ಪುಗಳ ವೇಗ ಎಷ್ಟು ತಗ್ಗುತ್ತದೆಂದು ಅಳೆದು ತೋರಿಸಿ ಎಂದರು. ಹೊಸ ಚಿಪ್ಪು ಚಳ್ಳಕೆರೆಯಲ್ಲಿ ಯಾರ ಬಳಿಯೂ ಇರಲಿಲ್ಲ. ನಾಲ್ಕನೆಯವರು ನನ್ನ ಒಂದು ಸಾಲಿನ ಕೊನೆಯಲ್ಲಿ ಖಾಲಿ ಜಾಗ ಉಳಿದಿದೆ ಎಂದು ತೋರಿಸಿದರು. ಅದನ್ನು ತಿದ್ದಿ ಕಳಿಸಿದೆ. ಮತ್ತೆ ಕಳಿಸಿದೆ. ಕಡೆಗೆ ಉತ್ತರಗಳು ನಿಂತವು. ತಪ್ಪು ಎಂದು ಯಾರೂ ಸಾಧಿಸಲಿಲ್ಲ, ಸರಿ ಎಂದು ಯಾರೂ ಒಪ್ಪಲಿಲ್ಲ. ಆ ಲೋಕದಲ್ಲಿ ತಿರಸ್ಕಾರದ ಅತ್ಯಂತ ಸಭ್ಯ ರೂಪವೇ ಮೌನ.

ಅಷ್ಟರಲ್ಲಿ ಸಂಘದ ಸಭೆ ಕರೆದರು. ಕಾರ್ಡುಗಳು ಬೇಗ ಹರಿಯುತ್ತಿವೆ, ಕಳಿಸುವುದು ತಡವಾಗುತ್ತಿದೆ ಎಂಬ ದೂರು. ಅಂಗಳದಲ್ಲಿ ನೇಕಾರರು, ಜಗಲಿಯ ಮೇಲೆ ಪದಾಧಿಕಾರಿಗಳು. ಅಧ್ಯಕ್ಷರು ಕಾರ್ಡಿನ ಕಟ್ಟೊಂದನ್ನು ಬಿಸಿಲಿಗೆ ಎತ್ತಿ ಹಿಡಿದರು. ಸರಿಯಾದ ತೂತುಗಳಲ್ಲಿ ಬೆಳಕು ಬಂತು. ತೇಪೆಗಳು ಕಪ್ಪಾಗಿ ಕಂಡವು.

"ಇವನ್ನ ಯಾರು ಅಂಟಿಸಿದ್ದು?"

"ನಾನೇ," ಎಂದಳು ಅವಳು.

"ಎಲ್ಲಾನೂ?"

"ಎಲ್ಲಾನೂ."

"ಮುಗೀತಲ್ಲ ಮತ್ತೆ."

ನಾನು ಎದ್ದು ನಿಂತು ಮೂರು ಸಾಲುಗಳ ಕಥೆ ಹೇಳಿದೆ, ಚಿಪ್ಪು, ಪ್ರೊಸೆಸರ್, ಕಾಯುವಿಕೆ ಎಲ್ಲವನ್ನೂ. ಜಗಲಿಯಿಂದ ಒಬ್ಬರು, "ಮೇಡಮ್, ಅಷ್ಟು ದೊಡ್ಡ ಕಂಪನಿಯೋರು ತಪ್ಪು ಮಾಡವ್ರೆ, ನಮ್ಮೂರ ಹುಡುಗಿ ಸರಿ ಮಾಡವ್ಳೆ, ಅಲ್ವಾ?" ಎಂದರು. ಅಂಗಳದಲ್ಲಿ ನಗೆ ಎದ್ದಿತು. ಹೌದು ಎಂದೆ, ಇನ್ನಷ್ಟು ನಕ್ಕರು. ಗಿಣಿಯ ಕತ್ತಿನ ಬಗ್ಗೆ ಹಾಸ್ಯ ಮಾಡಿದ್ದ ಹಿರಿಯರು ಮಾತ್ರ ನಗಲಿಲ್ಲ.

"ಆಯಮ್ಮ ಅಂಟಿಸದಿದ್ರೆ ನಮ್ ಮಗ್ಗ ನಿಂತಿರೋವು ಕಣ್ರೀ," ಎಂದರು.

"ತಪ್ಪಿದ್ದಕ್ಕೇ ತಾನೇ ಅಂಟಿಸಿದ್ದು? ತಪ್ಪದೇ ಇದ್ರೆ ಯಾಕೆ ಮುಟ್ತಿದ್ಳು?" ಎಂದರು ಅಧ್ಯಕ್ಷರು.

ಕಟ್ಟಲೆ ಹಿರಿಯರದೂ ಆಗಿತ್ತು. ಅವಳು ಯಾರ ಕಡೆಗೂ ನೋಡದೆ ಕೇಂದ್ರದ ಬೀಗದ ಕೈಯನ್ನು ಜಗಲಿಯ ಅಂಚಿನಲ್ಲಿಟ್ಟಳು. ಇನ್ನೊಬ್ಬರ ತಪ್ಪನ್ನು ತನ್ನ ಕೈಯಿಂದ ಮುಚ್ಚಿದ್ದನ್ನೇ ತಪ್ಪೊಪ್ಪಿಗೆ ಎಂದು ಓದಿದ್ದು ನಾಲ್ಕನೆಯ ತಪ್ಪು. ನಾನು ಇಲ್ಲಿ ಪಟ್ಟಿ ಮಾಡಿದವುಗಳಲ್ಲಿ ನನ್ನ ಎದೆಯಿಂದ ಇಳಿಯದೆ ಉಳಿದದ್ದು ಇದು.

ಮಗ್ಗಕ್ಕೆ ಅವಳು ಮರಳಲಿಲ್ಲ. ಬಲಗಡೆಯ ಜಾಗದಲ್ಲಿ ನೆರೆಮನೆಯ ಸೊಸೆ ಕೂತಿದ್ದಳು. ಎಬ್ಬಿಸಲು ಇವಳಿಗೆ ಮನಸ್ಸಾಗಲಿಲ್ಲ. ಚಳ್ಳಕೆರೆಯ ಒಂದು ಮಿಲ್ಲಿನಲ್ಲಿ ಶೇಂಗಾ ಆರಿಸುವ ಕೆಲಸಕ್ಕೆ ಸೇರಿದಳು, ನಮ್ಮ ಶಾಲೆಯ ಬೆನ್ನಿಗೇ. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬರುತ್ತಿದ್ದಳು. ಕಂಪ್ಯೂಟರುಗಳಿದ್ದ ಕೋಣೆಗೆ ಮಾತ್ರ ಕಾಲಿಡುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದಳು. ತಲೆಗೂದಲಲ್ಲಿ ಶೇಂಗಾ ಸಿಪ್ಪೆಯ ಕೆಂಪು ಪುಡಿ. ಕೊರೆಯುವ ಯಂತ್ರದ ಮೇಲೆ ಬಟ್ಟೆ ಹೊದಿಸಿದ್ದಾರೆಂಬ ಸುದ್ದಿಯನ್ನು ಅವಳೇ ತಂದಳು. ಹೊಸ ವಿನ್ಯಾಸಕನ ಕೈಯಲ್ಲೂ ಕಾರ್ಡುಗಳು ಕೆಟ್ಟವಂತೆ. ಅವನು ತೇಪೆ ಹಚ್ಚಲು ಒಪ್ಪದೆ ಹೊರಟುಹೋದನಂತೆ. ಆಗಲಾದರೂ ಯಾರಿಗಾದರೂ ತಿಳಿಯಬೇಕಿತ್ತು. ತಿಳಿದಿರಲೂಬಹುದು. ಅವಳನ್ನು ಕರೆಯಲು ಯಾರೂ ಬರಲಿಲ್ಲ.

ಬಹಳ ಕಾಲದ ಮೇಲೆ, ಒಂದು ಬೆಳಿಗ್ಗೆ, ಹೊಸ ಆವೃತ್ತಿಯ ಬದಲಾವಣೆಗಳನ್ನು ಓದುತ್ತಿದ್ದಾಗ ಆ ಮೂರು ಸಾಲುಗಳು ಎದುರಾದವು. ಅದೇ ಕಂಪನಿಯ ಯಾರೋ ಒಬ್ಬರು ಹೊಸ ಚಿಪ್ಪಿನ ಕಂಪ್ಯೂಟರಿನಲ್ಲಿ ಯುದ್ಧದ ಆಟವಾಡುವಾಗ ಪರದೆಯಿಂದ ತೆಗೆದ ಚಿತ್ರದಲ್ಲಿ ಸೈನಿಕನ ಅರ್ಧ ತಲೆ ಮಾಯವಾಗಿದ್ದನ್ನು ಕಂಡಿದ್ದರು. ಹಿಂದೆ ಸಾಲುಗಳನ್ನು ತೆಗೆದವರೇ ಅವನ್ನು ಮರಳಿ ಇಟ್ಟಿದ್ದರು. 'ಸೂಕ್ಷ್ಮ ದೋಷ, ಒಳ್ಳೆಯ ಪತ್ತೆ' ಎಂದು ಇಬ್ಬರು ಬೆನ್ನು ತಟ್ಟಿದ್ದರು. ನಾನು ಕಳಿಸಿದ್ದ ಬದಲಾವಣೆಯ ಮಾತಿಲ್ಲ. ಅವಳ ಹೆಸರಿಲ್ಲ. ಗಿಣಿಯ ಕತ್ತಿಗೆ ಇಲ್ಲದ ಬೆಲೆ ಆಟದ ಸೈನಿಕನ ತಲೆಗೆ ಸಿಕ್ಕಿತ್ತು.

ಅವಳ ಹೆಸರನ್ನು ಸೇರಿಸಿ ಎಂದು ಬರೆದೆ. ಒಮ್ಮೆ ದಾಖಲಾದ ಬದಲಾವಣೆಯ ಇತಿಹಾಸವನ್ನು ತಿದ್ದಲಾಗದು ಎಂಬ ಉತ್ತರ ಬಂತು, ವಿನಯದಿಂದಲೇ.

ಮಧ್ಯಾಹ್ನ ಮೆಟ್ಟಿಲ ಮೇಲೆ ಅವಳಿಗೆ ಹೇಳಿದೆ, ಸಾಲುಗಳು ಮರಳಿ ಬಂದವು ಎಂದು.

"ಈಗ ಕಾಯ್ತದಾ?"

"ಕಾಯ್ತದೆ."

"'ಪೋ' ಅನ್ನೋತನ್ಕ?"

"ಹೂಂ."

ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಸರಿ ಬಿಡಕ್ಕಾ," ಎಂದು ಮಿಲ್ಲಿನ ಕಡೆ ನಡೆದಳು.

ಆ ವಾರವೇ ನಾನು ಮೊಳಕಾಲ್ಮುರಿಗೆ ಹೋಗಿ ಅವಳ ತಾಯಿಯನ್ನು ಕಂಡೆ. ನೆರೆಮನೆಯ ಸೊಸೆಯೂ ಅಷ್ಟರಲ್ಲಿ ಬಿಟ್ಟುಹೋಗಿದ್ದಳು. ಜೊತೆಗಾರರಿಲ್ಲದೆ ಮೂರು ಲಾಳಿಯ ಸೀರೆ ಆಗುವುದಿಲ್ಲ. ಅಂಚೂ ಒಡಲೂ ಒಂದೇ ಬಣ್ಣದ ಸಾದಾ ಬಟ್ಟೆಯನ್ನು ಒಂದೇ ಲಾಳಿಯಲ್ಲಿ ನೇಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತದ್ದನ್ನು ಅವಳು ನೋಡಿರಲಿಲ್ಲ. ಲಾಳಿ ದಾಟಿತು. "ರಾ," ಎಂದಳು, ಯಾರೂ ಇಲ್ಲದ ಬಲಗಡೆಗೆ. ಕಾಲನ್ನು ತುಳಿಮಣೆಯ ಮೇಲೆ ಎತ್ತಿ ಹಿಡಿದು ಒಂದು ಉಸಿರು ಕಾದಳು. ಆಮೇಲೆ ತುಳಿದಳು.

ಬ್ರಹ್ಮಗಿರಿ ಅಲ್ಲಿಂದ ದೂರವಿಲ್ಲ. ಅಲ್ಲಿನ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದೆ ಕೊರೆದ ಚಕ್ರವರ್ತಿಯ ಮಾತುಗಳ ಕೊನೆಗೆ, ಅವನ್ನು ಬರೆದ ಲಿಪಿಕಾರನ ಹೆಸರೂ ಇದೆ. ಕಲ್ಲಿನಲ್ಲಿ ಕೆಲಸಗಾರನ ಹೆಸರಿಗೆ ಜಾಗವಿತ್ತು. ನಿಮ್ಮ ಕಡತದಲ್ಲಿ ಜಾಗವಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ.

ಆದ್ದರಿಂದ, ಆ ಸಾಲುಗಳನ್ನು ತೆಗೆದವರಿಗೆ, ಒಪ್ಪಿಗೆ ಹಾಕಿದ ಇಬ್ಬರಿಗೆ: ಇತಿಹಾಸವನ್ನು ತಿದ್ದಬೇಡಿ. ಆ ಮೂರು ಸಾಲುಗಳ ಮೇಲೆ ಟಿಪ್ಪಣಿಯ ಒಂದು ಸಾಲು ಸೇರಿಸಿ, ಅದಕ್ಕೆ ಯಾವ ನಿಯಮವೂ ಅಡ್ಡಬರುವುದಿಲ್ಲ. ಈ ದೋಷವನ್ನು ಮೊದಲು ಕಂಡವಳು ಯಾರು, ಅವಳ ಊರು ಯಾವುದು, ಕಾಯುವುದನ್ನು ಯಾರು ತೆಗೆದಿದ್ದರು, ಇಷ್ಟನ್ನು ಬರೆಯಿರಿ. ಅವಳ ಹೆಸರನ್ನು ನಾನಿಲ್ಲಿ ಬರೆದಿಲ್ಲ. ನಿಮಗೆ ಕಳಿಸಿದ ನನ್ನ ಮೊದಲ ಪತ್ರದಲ್ಲಿದೆ. ನನ್ನಿಂದ ಬರೆಸಿ ಒಪ್ಪಿಗೆ ಹಾಕಬೇಡಿ, ನೀವೇ ಬರೆಯಿರಿ. ಸಂಘದ ಅಧ್ಯಕ್ಷರಿಗೆ: ಅದೇ ಅಂಗಳದಲ್ಲಿ, ಅದೇ ನೇಕಾರರು ಕೇಳುವಂತೆ, ತೇಪೆ ಅವಳದು, ತಪ್ಪು ಅವಳದಲ್ಲ ಎಂದು ನಿಮ್ಮ ಬಾಯಿಂದ ಹೇಳಿ, ಬೀಗದ ಕೈಯನ್ನು ಅವಳ ಕೈಗೆ ಕೊಡಿ. ತಪ್ಪಿದವರೇ ತೇಪೆ ಹಚ್ಚಬೇಕೆಂಬುದು ನಿಮ್ಮ ಊರಿನ ಕಟ್ಟಲೆ. ಅಂಟಿನ ಬಟ್ಟಲು ಈಗ ನಿಮ್ಮ ಮುಂದಿದೆ.